ಹುಳಿತೇಗಿಗೆ ಎಂಡೋಸ್ಕೋಪಿ ಚಿಕಿತ್ಸೆ: ಯಾರಿಗೆ ಒಪ್ಪುತ್ತದೆ

ಊಟವಾದ ಮೇಲೆ ತೋಟದಲ್ಲಿ ಬಗ್ಗಿ ಅಡಿಕೆ ಹೆಕ್ಕುವಾಗ ಬಾಯಿಗೆ ಹುಳಿನೀರು ಬರುತ್ತದೆ ಎಂದು ತೀರ್ಥಹಳ್ಳಿ ಕಡೆಯ ರೋಗಿಯೊಬ್ಬರು ಹೇಳಿದರೆ, ನಾವು ಆಮ್ಲಕ್ಕಿಂತ ಮೊದಲು ಅದನ್ನು ಕೆಳಗೇ ತಡೆದಿಡಬೇಕಾದ ಬಾಗಿಲಿನ ಬಗ್ಗೆ ಯೋಚಿಸಬೇಕು. ಊಟಕ್ಕೆ 30ರಿಂದ 60 ನಿಮಿಷ ಮೊದಲು ನುಂಗುವ ಪ್ಯಾಂಟೊಪ್ರಜೋಲ್‌ನಂತಹ ಮಾತ್ರೆ ಆಮ್ಲವನ್ನು ತಗ್ಗಿಸಿ ಎದೆಯುರಿಯನ್ನು ಇಳಿಸುತ್ತದೆಯೇ ಹೊರತು, ಜಠರದಲ್ಲಿದ್ದುದು ಮೇಲೇರುವುದನ್ನು ನಿಲ್ಲಿಸುವುದಿಲ್ಲ.

ಅನ್ನನಾಳದ ಕೆಳತುದಿಯ ಸ್ನಾಯುವಿನ ಬಿಗಿತ ಮತ್ತು ಅದನ್ನು ಹೊರಗಿನಿಂದ ಅಪ್ಪಿ ಹಿಡಿದಿರುವ ವಪೆ (ಎದೆ ಮತ್ತು ಹೊಟ್ಟೆಯನ್ನು ಬೇರ್ಪಡಿಸುವ ಸ್ನಾಯುವಿನ ಪರದೆ), ಇವೆರಡೂ ಸೇರಿ ಆ ಬಾಗಿಲು ಆಗಿದೆ. ಮಲೆನಾಡಿನ ಕೆರೆಯನ್ನು ನೆನೆದರೆ ಇದು ಬೇಗ ಅರ್ಥವಾಗುತ್ತದೆ: ತೂಬು ಸಡಿಲವಾಗಿದ್ದರೆ ತೂಬನ್ನು ಬಿಗಿ ಮಾಡಬಹುದು, ಏರಿಯೇ ಒಡೆದಿದ್ದರೆ ಅದರಿಂದ ಫಲವಿಲ್ಲ. ಎಂಡೋಸ್ಕೋಪಿಯ ಮೂಲಕ ಮಾಡುವ ಚಿಕಿತ್ಸೆಗಳೆಲ್ಲ ತೂಬಿನ ಕೆಲಸಗಳೇ. ಒಡೆದ ಏರಿಯಂತೆ ಅಗಲವಾದ ವಪೆಯ ರಂಧ್ರವನ್ನು ಅವು ಹೊಲಿಯಲಾರವು.

ಇವುಗಳಲ್ಲಿ ನಾವು ಚೆನ್ನಾಗಿ ಕಲಿಯಬೇಕಾದದ್ದು ಟಿಫ್ (ಟ್ರಾನ್ಸ್‌ಓರಲ್ ಇನ್ಸಿಷನ್‌ಲೆಸ್ ಫಂಡೋಪ್ಲಿಕೇಶನ್). ಬಾಯಿಯ ಮೂಲಕ ಇಳಿಸಿದ ಉಪಕರಣದಿಂದ ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಯ ಸುತ್ತ ಮಡಿಸಿ, ಗುಂಡಿ ಹಾಕಿದಂತೆ ಬಂಧಿಸಿ, ಸುಮಾರು 270 ಡಿಗ್ರಿಯಷ್ಟು ಸುತ್ತುವ ಕವಾಟವನ್ನು ಕಟ್ಟುತ್ತಾರೆ. ಹೊಟ್ಟೆಯ ಮೇಲೆ ಗಾಯವಿರುವುದಿಲ್ಲ. ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೋಎಂಟರಾಲಜಿಯ 2022ರ ಮಾರ್ಗಸೂಚಿ, ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಇದನ್ನು ಪರಿಗಣಿಸಬಹುದೆನ್ನುತ್ತದೆ, ಆದರೆ ಅನ್ನನಾಳದ ಹುಣ್ಣಿನ ತೀವ್ರತೆಯನ್ನು ಎಯಿಂದ ಡಿವರೆಗೆ ಅಳೆಯುವ ಲಾಸ್ ಏಂಜಲೀಸ್ ವರ್ಗೀಕರಣದ ಸಿ ಅಥವಾ ಡಿ ದರ್ಜೆಯ ಹುಣ್ಣಾಗಲಿ, 2 ಸೆಂಟಿಮೀಟರಿಗಿಂತ ದೊಡ್ಡ ಹರ್ನಿಯಾ (ವಪೆಯ ರಂಧ್ರದ ಮೂಲಕ ಜಠರ ಮೇಲಕ್ಕೆ ಸರಿಯುವುದು) ಆಗಲಿ ಇರಬಾರದು. ಈ 2 ಸೆಂಟಿಮೀಟರಿನ ಗೆರೆಯೇ ಏರಿಯ ಬಿರುಕಿನ ಅಳತೆ. ಅದನ್ನು ದಾಟಿದವರಿಗೆ ಲ್ಯಾಪರೋಸ್ಕೋಪಿಯಲ್ಲಿ ಹರ್ನಿಯಾ ಸರಿಪಡಿಸಿ, ಜೊತೆಗೇ ಟಿಫ್ ಮಾಡುವ ಕ್ರಮವೂ ಇದೆ.

ಅನ್ನನಾಳದ ಕೆಳತುದಿಯ ಸ್ನಾಯುವಿಗೆ ರೇಡಿಯೋ ತರಂಗದ ಶಾಖ ಕೊಡುವ ಸ್ಟ್ರೆಟ್ಟಾ ಚಿಕಿತ್ಸೆಯನ್ನು, ಫಲಿತಾಂಶಗಳು ಒಂದಕ್ಕೊಂದು ಹೊಂದುವುದಿಲ್ಲವೆಂಬ ಕಾರಣಕ್ಕೆ, ಅದೇ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಜಪಾನಿನ ಹರುಹಿರೊ ಇನೋವೆ ಅವರ ಆರ್ಮ್ಸ್ ವಿಧಾನದಲ್ಲಿ ಜಠರದ ಬಾಯಿಯ ಬಳಿ ಲೋಳೆಪೊರೆಯನ್ನು ಅರ್ಧಚಂದ್ರದಂತೆ ತೆಗೆಯುತ್ತಾರೆ. ಗಾಯ ಮಾಯುವಾಗ ಸುಕ್ಕಾಗಿ ದಾರಿ ಕಿರಿದಾಗುತ್ತದೆ. ನನಗೆ ಇದರ ಸರಳತೆ ಬಹಳ ಹಿಡಿಸಿತು, ಆದರೆ ದಾರಿ ಅತಿಯಾಗಿ ಕಿರಿದಾದರೆ ನುಂಗಲು ಕಷ್ಟವಾಗಿ, ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ.

ಯಾವುದನ್ನೇ ಆರಿಸುವ ಮೊದಲು ಅನ್ನನಾಳದ ಒತ್ತಡ ಮತ್ತು ಚಲನೆಯನ್ನು ಅಳೆಯುವ ಮ್ಯಾನೋಮೆಟ್ರಿಯನ್ನು ಬಿಡಬಾರದು, ಹುಣ್ಣು ಸ್ಪಷ್ಟವಾಗಿ ಕಾಣದಿದ್ದಲ್ಲಿ ಅನ್ನನಾಳಕ್ಕೆ ಏರುವ ಆಮ್ಲವನ್ನು ಅಳೆಯುವ ಪಿಎಚ್ ಪರೀಕ್ಷೆಯನ್ನೂ ಬಿಡಬಾರದು. ಅಕಲೇಸಿಯಾ ಇರುವವರಲ್ಲಿ ಅನ್ನನಾಳದ ತುದಿ ಸಡಿಲಗೊಳ್ಳದೆ, ನಿಂತ ಆಹಾರ ಹುಳಿಯಾಗಿ ಬಾಯಿಗೆ ಬರುತ್ತದೆ. ಅವರೂ ಎದೆಯುರಿ ಎಂದೇ ಹೇಳುತ್ತಾರೆ, ಮತ್ತು ಅಲ್ಲಿ ಬಾಗಿಲನ್ನು ಇನ್ನಷ್ಟು ಬಿಗಿದರೆ ಅನ್ನ ಇಳಿಯುವುದೇ ಕಷ್ಟವಾಗುತ್ತದೆ.