ಚಿತ್ರಕಥೆ ಬೇರೆ, ಸಚಿತ್ರ ಕಥೆ ಬೇರೆ

ಮಂಗಳೂರಿನ ಕದ್ರಿಯ ಗೆಳೆಯರೊಬ್ಬರ ಮನೆಯಲ್ಲಿ ತಿಂಗಳಿಗೊಮ್ಮೆ ಸೇರುವ ನಮ್ಮ ಡಿಸೈನ್ ಓದುಬಳಗ ಈ ಸಲ ಎತ್ತಿಕೊಂಡದ್ದು ಸ್ಕಾಟ್ ಮೆಕ್‌ಕ್ಲೌಡ್ ಅವರ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್'. ಕಾಮಿಕ್ಸ್ ಎಂದರೇನು ಎಂಬುದನ್ನು ಕಾಮಿಕ್ಸ್ ರೂಪದಲ್ಲೇ ಹೇಳುವ, 1993ರಲ್ಲಿ ಬಂದ ಪುಸ್ತಕ. ಮಾತು ಶುರುವಾಗಿ ಹತ್ತು ನಿಮಿಷ ಆಗಿರಲಿಲ್ಲ, ಒಬ್ಬರು ಮಗಳ ಕಥೆಪುಸ್ತಕವನ್ನು ಚೀಲದಿಂದ ತೆಗೆದು, "ಇದೂ ಚಿತ್ರಕಥೆಯೇ ಅಲ್ವಾ?" ಎಂದರು. ಎಡಪುಟದ ತುಂಬ ಬರಹ, ಬಲಪುಟದಲ್ಲಿ ಒಂದು ಕೆಂಪು ನರಿ. ಈ ತಿಂಗಳು ಈ ಬಳಕೆ ನನಗೆ ಎದುರಾದದ್ದು ಇದು ನಾಲ್ಕನೇ ಸಲ. ಅದರಲ್ಲಿ ಒಂದು, ಕಾರ್ಯಕ್ರಮದ ಆಹ್ವಾನಪತ್ರದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಅದು ಸಚಿತ್ರ ಕಥೆ. ಒಂದು 'ಸ' ಬಿಟ್ಟರೆ ಏನಾಯಿತು ಎನ್ನುವವರಿಗೆ ಸಮಾಸ ಬಿಡಿಸಿಯೇ ತೋರಿಸಬೇಕು.

'ಚಿತ್ರಕಥೆ'ಗೆ ವಿಗ್ರಹವಾಕ್ಯ ಎರಡು, ಎರಡೂ ಸರಿ. ಸಿನಿಮಾ ತೆರೆಯ ಮೇಲೆ 'ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ' ಎಂದು ಬರುವಾಗ ಚಿತ್ರವೆಂದರೆ ಚಲನಚಿತ್ರ. ಚಿತ್ರದ ಕಥೆ ಚಿತ್ರಕಥೆ, ತತ್ಪುರುಷ. ಕಾಮಿಕ್ಸ್ ಎಂಬ ಅರ್ಥದಲ್ಲಿ ಹೇಳುವಾಗ ಚಿತ್ರವೇ ಕಥೆ. ಇದು ಕರ್ಮಧಾರಯ, ಶಾಲೆಯಲ್ಲಿ 'ವಿದ್ಯೆಯೇ ಧನ ವಿದ್ಯಾಧನ' ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ ಬಗೆ. ಆ 'ಏ' ಮುಖ್ಯ. ಕಥೆಯನ್ನು ಹೊತ್ತು ನಡೆಯುವುದು ಚಿತ್ರವೇ.

'ಸಚಿತ್ರ'ದ 'ಸ' ಮದುವೆ ಕಾಗದದ 'ಸಕುಟುಂಬ ಸಪರಿವಾರ'ದಲ್ಲಿರುವ ಅದೇ 'ಸ', ಎಂದರೆ ಸಹಿತ. ಕುಟುಂಬ ಬಾರದೆ ನೀವೊಬ್ಬರೇ ಹೋದರೂ ಮದುವೆಯೂಟ ಮಾಡಿ ಬರಬಹುದು. ಹಾಗೆಯೇ ನರಿಯ ಚಿತ್ರಕ್ಕೆ ಕೈ ಅಡ್ಡ ಹಿಡಿದರೂ ಮಗುವಿಗೆ ಕಥೆ ಪೂರ್ತಿ ಸಿಗುತ್ತದೆ. ಸಚಿತ್ರ ಕಥೆ ಕೀಳೆಂದು ನಾನು ಹೇಳುತ್ತಿಲ್ಲ, ಒಳ್ಳೆಯ ನರಿ ಬರೆಯುವುದು ಸುಲಭದ ಕೆಲಸವಲ್ಲ. ಆದರೆ ಹೆಸರು ಇದ್ದಾಗ ಹೆಸರು ಹಿಡಿದೇ ಕರೆಯಬೇಕು.

ಅವತ್ತು ನಾನು ಒಂದು ಕಾಗದದ ಹಿಂಬದಿಯಲ್ಲಿ ಎರಡು ಚೌಕ ಗೀಚಿದೆ. ಮೊದಲನೆಯದರಲ್ಲಿ ಅಂಗಳ, ಚಾಪೆಯ ಮೇಲೆ ಸಾಲಾಗಿ ಹಲಸಿನ ಹಪ್ಪಳ, ಮೂಲೆಯಲ್ಲಿ ಕಪ್ಪು ಮೋಡ. ಎರಡನೆಯದರಲ್ಲಿ ಒದ್ದೆ ಅಂಗಳ, ಚಾಪೆಯಿದ್ದಷ್ಟು ಜಾಗ ಮಾತ್ರ ಸ್ವಲ್ಪ ಒಣಗಿದ ಬಣ್ಣ. ಒಂದಕ್ಷರ ಬರೆದಿರಲಿಲ್ಲ. "ಅಜ್ಜಿ ಓಡಿ ಬಂದ್ರು" ಎಂದರು ಒಬ್ಬರು. "ಮಳೆ ಬಿದ್ದ ಮೇಲೆಯೇ ಎತ್ತಿದ್ದು, ಒಂದಷ್ಟು ನೆನೆದಿರ್ತದೆ" ಎಂದರು ಇನ್ನೊಬ್ಬರು. ಅಜ್ಜಿಯನ್ನು ನಾನು ಬರೆದೇ ಇರಲಿಲ್ಲ. ಈಗ ಎರಡನೇ ಚೌಕಕ್ಕೆ ಕೈ ಅಡ್ಡ ಹಿಡಿಯಿರಿ: ಉಳಿಯುವುದು ಹಪ್ಪಳ ಒಣಗಿಸಿದ ಒಂದು ಚಿತ್ರ, ಕಥೆ ಇಲ್ಲ.

ಎರಡು ಚೌಕಗಳ ನಡುವಿನ ಆ ಬಿಳಿ ಜಾಗಕ್ಕೆ ಇಂಗ್ಲಿಷಿನಲ್ಲಿ ಗಟರ್ ಎನ್ನುತ್ತಾರೆ. ಅಲ್ಲಿ ಇಲ್ಲದ್ದನ್ನು ಓದುಗ ತುಂಬಿಕೊಳ್ಳುವುದನ್ನು ಮೆಕ್‌ಕ್ಲೌಡ್ ಕ್ಲೋಶರ್ ಎಂದು ಕರೆದು, ಒಂದು ಚೌಕದಿಂದ ಇನ್ನೊಂದಕ್ಕೆ ದಾಟುವ ಆರು ಬಗೆಗಳನ್ನು ವಿಂಗಡಿಸಿದ್ದಾರೆ. ಗಟರನ್ನು ಕನ್ನಡದಲ್ಲಿ ಗಟಾರ ಮಾಡುವುದು ಬೇಡ, ದಯವಿಟ್ಟು. ನಮ್ಮಲ್ಲಿ 'ಸಂದಿ' ಇದೆ. ಬಾಗಿಲ ಸಂದಿ, ಸಂದಿಗೊಂದಿ ಎನ್ನುವಾಗಿನ ಈ ಸಂದಿ, ವ್ಯಾಕರಣದ 'ಸಂಧಿ'ಯ ತದ್ಭವ. ಒಂದು ಬಿರುಕು, ಇನ್ನೊಂದು ಕೂಡುವಿಕೆ, ಮೂಲ ಒಂದೇ. 'ಮನೆ'ಯಲ್ಲೂ ಇಲ್ಲದ 'ಅಲ್ಲಿ'ಯಲ್ಲೂ ಇಲ್ಲದ ಒಂದು 'ಯ', ಅವೆರಡು ಕೂಡಿ 'ಮನೆಯಲ್ಲಿ' ಆಗುವಾಗ ಬಂದು ಕೂರುತ್ತದೆ. ನನ್ನ ಹಪ್ಪಳದ ಅಜ್ಜಿ ಬಂದದ್ದೂ ಹಾಗೆಯೇ. ಈ ಅರ್ಥಕ್ಕೆ ಇದಕ್ಕಿಂತ ಒಪ್ಪುವ ಪದ ನನಗೆ ಕಾಣುವುದಿಲ್ಲ.

ಕಾಮಿಕ್ಸ್ ಅರ್ಥದ 'ಚಿತ್ರಕಥೆ' ಮನೆಮನೆಯ ಮಾತಾದದ್ದು 1967ರಲ್ಲಿ ಅನಂತ ಪೈ ಆರಂಭಿಸಿದ 'ಅಮರ ಚಿತ್ರಕಥೆ'ಯಿಂದ. ಪೈಗಳು ಹುಟ್ಟಿದ್ದು ಇಲ್ಲೇ ಕಾರ್ಕಳದಲ್ಲಿ, 1929ರಲ್ಲಿ. ಆ ಊರಿನ ಸುತ್ತಮುತ್ತಲಿನವರೇ ಪದವನ್ನು ತಪ್ಪಾಗಿ ಬಳಸಿದರೆ ನನಗೆ ಹೆಚ್ಚು ಬೇಸರ. ಆ ಪುಸ್ತಕಗಳಲ್ಲೂ ಕೆಲವೆಡೆ ಚೌಕದ ಮೇಲಿನ ಬರಹ ಎಲ್ಲವನ್ನೂ ಹೇಳಿ ಮುಗಿಸಿಬಿಡುತ್ತದೆ, ಚಿತ್ರಕ್ಕೆ ಕೆಲಸ ಉಳಿಯುವುದಿಲ್ಲ. ಅಂಥ ಕಡೆ ಅದು ಸಚಿತ್ರ ಕಥೆಯ ಕಡೆಗೆ ವಾಲುತ್ತದೆ ಎಂದು ಧಾರಾಳವಾಗಿ ಹೇಳಬಹುದು.

ಕಾರ್ಟೂನ್ ವಿಷಯ ಬೇರೆಯೇ. ದಪ್ಪ ಕಾಗದಕ್ಕೆ ಇಟಲಿಯವರು ಹೇಳುವ 'ಕಾರ್ಟೋನೆ'ಯಿಂದ ಬಂದ ಪದ. ವ್ಯಂಗ್ಯಚಿತ್ರ ಎಂಬ ಅರ್ಥ ಅಂಟಿದ್ದು 1843ರಲ್ಲಿ, ಲಂಡನ್ನಿನ 'ಪಂಚ್' ಪತ್ರಿಕೆಯಿಂದ. ಪತ್ರಿಕೆಯ ಒಂದೇ ಚೌಕದ ವ್ಯಂಗ್ಯಚಿತ್ರವನ್ನು ಮೆಕ್‌ಕ್ಲೌಡ್ ಕಾಮಿಕ್ಸ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದೇ ಚೌಕವಿದ್ದಲ್ಲಿ ಸಂದಿಯೇ ಇಲ್ಲವಲ್ಲ.