ಬಾಟಲಿಯಲ್ಲಿ ಸಿಗದ ಜೊಲ್ಲು

ಔಷಧದ ಅಂಗಡಿಯಿಂದ ತಂದ ಕೃತಕ ಲಾಲಾರಸದ ಬಾಟಲಿಯನ್ನು ತಿರುಗಿಸಿ ಹಿಂಬದಿಯ ಸಣ್ಣಕ್ಷರ ಓದಿ ನೋಡಿ. ಹೆಚ್ಚಿನವುಗಳಲ್ಲಿ ಮುಖ್ಯವಾಗಿ ಇರುವುದು ನೀರು, ಗ್ಲಿಸರಿನ್ ಮತ್ತು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್. ಈ ಕೊನೆಯದು ಸಸ್ಯದ ನಾರಿನಿಂದ ತಯಾರಿಸಿದ ಪುಡಿ. ಐಸ್‌ಕ್ರೀಮನ್ನೂ ಟೂತ್‌ಪೇಸ್ಟನ್ನೂ ಮಂದವಾಗಿಸಲು ಬಳಸುವುದೂ ಇದನ್ನೇ. ನೂರು ಮಿಲಿಲೀಟರ್ ನೀರಿಗೆ ಅರ್ಧ ಗ್ರಾಂ ಬೆರೆಸಿದರೆ ನೀರು ಗಂಜಿತಿಳಿಯ ಹದಕ್ಕೆ ಬರುತ್ತದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಒದ್ದಾಡುವವರಿಗೆ ಇದರಿಂದ ಸ್ವಲ್ಪ ಹೊತ್ತು ಹಾಯೆನಿಸುವುದು ನಿಜ. ಆದರೆ ಅದು ಬೇಗ ಮುಗಿದುಹೋಗುತ್ತದೆ, ಮತ್ತೆ ಬಾಟಲಿಗೆ ಕೈ ಹೋಗುತ್ತದೆ. ಜೊಲ್ಲು ಅಂದರೆ ಮಂದವಾದ ನೀರು ಎಂಬ ತಪ್ಪು ತಿಳಿವಳಿಕೆಯ ಮೇಲೆ ಒಣಬಾಯಿಯ ಮಾರುಕಟ್ಟೆಯ ದೊಡ್ಡ ಪಾಲು ನಿಂತಿದೆ.

ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಲಾಲಾರಸ ಹುಟ್ಟಿದರೂ ಯಾವುದೇ ಗಳಿಗೆಯಲ್ಲಿ ಬಾಯೊಳಗೆ ಇರುವುದು ತೀರಾ ಕಡಿಮೆ. ನುಂಗಿದ ಮೇಲೆ ಉಳಿಯುವುದು ಸುಮಾರು 0.8 ಮಿಲಿಲೀಟರ್. ಅದು ಸುಮಾರು 215 ಚದರ ಸೆಂಟಿಮೀಟರ್ ಜಾಗಕ್ಕೆ ಹರಡಿಕೊಂಡು, ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತಲೂ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಬಾಯಿ ಒದ್ದೆಯಾಗಿದೆ ಅನಿಸುವುದು ಆ ಪೊರೆಯಿಂದ. ಪೊರೆಯನ್ನು ಹಿಡಿದಿಡುವುದು ಮ್ಯೂಸಿನ್ ಎಂಬ ಪ್ರೋಟೀನು. ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿದಾಗ ಪ್ರತಿ ಬೀಜದ ಸುತ್ತ ಗಾಜಿನಂಥ ಲೋಳೆ ಕಟ್ಟುತ್ತದಲ್ಲ, ಮ್ಯೂಸಿನ್ ಕೂಡ ತನ್ನ ಮೈಗೆ ಅಂಟಿದ ಸಕ್ಕರೆಯ ಸರಪಣಿಗಳಿಂದ ಹಾಗೇ ನೀರನ್ನು ಹಿಡಿದುಕೊಳ್ಳುತ್ತದೆ. ಪಳಗಿದ ದೋಸೆ ಕಾವಲಿಯನ್ನೂ ನೆನೆಯಬಹುದು. ಹಿಟ್ಟು ಅಂಟದಿರಲು ಕಾರಣ ಕಾವಲಿಯ ಮೈಗೆ ಕೂತ ತೆಳು ಪದರ. ಅದನ್ನು ಉಜ್ಜಿ ತೊಳೆದುಬಿಟ್ಟರೆ ಮೊದಲ ದೋಸೆ ಏಳುವುದೇ ಇಲ್ಲ.

'ಬಾಯಿ ಒಣಗಿದರೆ ನೀರು ಕುಡಿ' ಎಂಬ ಉಪದೇಶ ಸೋಲುವುದು ಇಲ್ಲೇ. ಮೈಯಲ್ಲಿ ನೀರು ಕಡಿಮೆಯಾಗಿ ಬಾಯಿ ಒಣಗಿದ್ದರೆ ನೀರೇ ಮದ್ದು. ಲಾಲಾರಸ ಹುಟ್ಟಿಸುವ ಗ್ರಂಥಿಯೇ ಸೋತಿದ್ದರೆ ಮಾತ್ರ ಪದೇಪದೇ ಕುಡಿದ ನೀರು ಅಳಿದುಳಿದ ಮ್ಯೂಸಿನ್ನನ್ನೂ ತೊಳೆದುಕೊಂಡು ಹೋಗುತ್ತದೆ, ರಾತ್ರಿ ನಾಲ್ಕು ಸಲ ಏಳಿಸುತ್ತದೆ. ಲೋಟಗಟ್ಟಲೆ ಕುಡಿಯುವ ಬದಲು ಒಂದು ಗುಟುಕನ್ನು ಬಾಯೊಳಗೆಲ್ಲ ಆಡಿಸಿ ನುಂಗುವುದು ಮೇಲು.

ಇನ್ನು ಗ್ರಂಥಿಯ ವಿಷಯ. ಲಾಲಾಗ್ರಂಥಿ ರಕ್ತವನ್ನು ಸೋಸುವ ಜರಡಿ ಎಂದು ಬಹುಕಾಲ ನಂಬಲಾಗಿತ್ತು. 1851ರ ಹೊತ್ತಿಗೆ ಜರ್ಮನಿಯ ಶರೀರವಿಜ್ಞಾನಿ ಕಾರ್ಲ್ ಲುಡ್ವಿಗ್ ಅದರ ನರವನ್ನು ಪ್ರಚೋದಿಸಿ, ನಾಳದಿಂದ ಬರುವ ರಸದ ಒತ್ತಡ ಗ್ರಂಥಿಗೆ ಬರುವ ರಕ್ತದ ಒತ್ತಡವನ್ನೂ ಮೀರಬಲ್ಲದೆಂದು ತೋರಿಸಿದರು. ಟ್ಯಾಂಕಿನಲ್ಲಿರುವ ನೀರಿಗಿಂತ ಎತ್ತರಕ್ಕೆ ನಲ್ಲಿಯ ನೀರು ಚಿಮ್ಮಿದರೆ ನಡುವೆ ಎಲ್ಲೋ ಪಂಪು ಇರಲೇಬೇಕು. ಆ ಪಂಪು ನಡೆಯುವುದು ಉಪ್ಪಿನಿಂದ. ಗ್ರಂಥಿಯ ಗೊಂಚಲಿನ ಜೀವಕೋಶಗಳು ಮೊದಲು ಕ್ಲೋರೈಡನ್ನು ಆಚೆ ತಳ್ಳುತ್ತವೆ, ಸೋಡಿಯಂ ಅದನ್ನು ಹಿಂಬಾಲಿಸುತ್ತದೆ. ಉಪ್ಪು ಸವರಿದ ಮಾವಿನಕಾಯಿ ಹೋಳು ನೀರು ಬಿಡುವಂತೆ, ಉಪ್ಪಿನ ಬೆನ್ನಿಗೆ ನೀರು ಹೊರಡುತ್ತದೆ. ಅದು ದಾಟಲು ಅಕ್ವಾಪೊರಿನ್-5 ಎಂಬ ಕಿರುಬಾಗಿಲೂ ಉಂಟು. ಆಮೇಲೆ ಈ ಉಪ್ಪುನೀರು ನಾಳದಲ್ಲಿ ಹರಿಯುವಾಗ ನಾಳದ ಗೋಡೆ ಉಪ್ಪನ್ನಷ್ಟೇ ವಾಪಸು ಎಳೆದುಕೊಂಡು ನೀರನ್ನು ಮುಂದೆ ಬಿಡುತ್ತದೆ. ಅದಕ್ಕೇ ನಮ್ಮ ಜೊಲ್ಲು ಸಪ್ಪೆ, ಸಾರಿನಲ್ಲಿ ಉಪ್ಪು ತುಸು ಕಡಿಮೆಯಾದರೂ ನಾಲಿಗೆಗೆ ತಿಳಿಯುತ್ತದೆ.

ಇದರ ಇನ್ನೊಂದು ಫಲ ಹಲ್ಲಿಗೆ ಸಂಬಂಧಿಸಿದ್ದು. ರಸ ರಭಸದಿಂದ ಹರಿದಷ್ಟೂ ಅದರಲ್ಲಿ ಬೈಕಾರ್ಬೊನೇಟ್ ಹೆಚ್ಚು. ಆಮ್ಲವನ್ನು ತಣಿಸುವುದು ಅದೇ. ಹರಿವು ಕುಗ್ಗಿದರೆ ಪ್ರಮಾಣದ ಜತೆ ಗುಣವೂ ಕುಗ್ಗುತ್ತದೆ. ಪಿಎಚ್ ಎಂಬ ಅಳತೆ ಇಳಿದಷ್ಟೂ ಆಮ್ಲ ಹೆಚ್ಚು; ಅದು 5.5ರ ಕೆಳಗೆ ಹೋದರೆ ಹಲ್ಲಿನ ಎನಾಮಲ್ ಕರಗತೊಡಗುತ್ತದೆ, ವಸಡು ಸರಿದು ಹೊರಬಿದ್ದ ಬೇರಿನ ಭಾಗ ಅದಕ್ಕೂ ಮೊದಲೇ. ಒಣಬಾಯಿಯವರ ಹಲ್ಲು ವಸಡಿನ ಅಂಚಿನಲ್ಲಿ ಸುತ್ತಲೂ ಹುಳುಕಾಗುವುದಕ್ಕೆ ಇದು ಕಾರಣ. ಹಾಗಾಗಿ ಜೊಲ್ಲು ಬರಲೆಂದು ನಿಂಬೆಹೋಳು, ಹುಣಸೆಹಣ್ಣು ಚೀಪುವ ಮನೆಮದ್ದು ಹಲ್ಲಿದ್ದವರಿಗೆ ಅಪಾಯಕಾರಿ. ಹುಳಿ ಬರುತ್ತದೆ, ಅದನ್ನು ತಣಿಸುವ ರಸ ಬರುವುದಿಲ್ಲ. ಮಾರುಕಟ್ಟೆಯ ಕೆಲವು ಸ್ಪ್ರೇ, ಚೀಪುವ ಗುಳಿಗೆಗಳಲ್ಲೂ ಸಿಟ್ರಿಕ್ ಅಥವಾ ಮ್ಯಾಲಿಕ್ ಆಮ್ಲ ಇರುತ್ತದೆ. ಹಲ್ಲಿದ್ದವರು ಅಂಥವನ್ನು ಬಿಡುವುದು ಒಳ್ಳೆಯದು.

ಗ್ರಂಥಿಗೆ ಅಪ್ಪಣೆ ಬರುವುದು ಮಿದುಳಿನಿಂದ. ಹೆದರಿದಾಗ ಮಿದುಳು ಆ ಅಪ್ಪಣೆಯನ್ನೇ ತಡೆಯುತ್ತದೆ. ನಮ್ಮ ಸ್ಮೃತಿಗಳಲ್ಲಿ ಹೇಳಿರುವ ತಂಡುಲ ದಿವ್ಯದಲ್ಲಿ ಕಳ್ಳತನದ ಆರೋಪ ಹೊತ್ತವರು ಅಕ್ಕಿ ಅಗಿದು ಎಲೆಯ ಮೇಲೆ ಉಗುಳಬೇಕಿತ್ತು. ಉಗುಳಿನಲ್ಲಿ ರಕ್ತ ಕಂಡರೆ ಅಪರಾಧಿ. ಒಣಗಿದ ಬಾಯಲ್ಲಿ ಅಕ್ಕಿ ಅಗಿದರೆ ವಸಡು ಗೀರುವುದು ಸಹಜ. ದೇವರು ಕಳ್ಳನನ್ನು ತೋರಿಸಿಕೊಟ್ಟ ಎಂದು ನಂಬಿದ್ದ ಆ ಪರೀಕ್ಷೆ ಅಳೆದದ್ದು ಭಯವನ್ನು. ಅಪರಾಧ ಮಾಡದ ಅಂಜುಬುರುಕನೂ ಅದರಲ್ಲಿ ಸೋಲುತ್ತಿದ್ದ.

ಈ ಅಪ್ಪಣೆ ಗ್ರಂಥಿಯ ಮೇಲಿನ ಮಸ್ಕರಿನಿಕ್ ಎಂಬ ಬೀಗಗಳನ್ನು ತೆರೆಯುತ್ತದೆ. ಅಲರ್ಜಿಗೆ ನುಂಗುವ ಕ್ಲೋರ್‌ಫೆನಿರಮೈನ್, ನರದ ನೋವಿಗೂ ಖಿನ್ನತೆಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ಇವೆಲ್ಲ ಆ ಬೀಗದ ತೂತಿಗೆ ಮೇಣ ತುಂಬುತ್ತವೆ. ವಯಸ್ಸಾದವರ ಬಾಯಿ ಒಣಗಲು ವಯಸ್ಸಿಗಿಂತ ದೊಡ್ಡ ಕಾರಣ ಅವರ ಮಾತ್ರೆಯ ಡಬ್ಬಿ. ಸ್ಪ್ರೇ ಕೊಳ್ಳುವ ಮೊದಲು ಆ ಡಬ್ಬಿಯನ್ನು ವೈದ್ಯರ ಮುಂದಿಟ್ಟು, ಬದಲಿಸಬಹುದಾದದ್ದು ಯಾವುದೆಂದು ಕೇಳಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಬಾರದು.

ಬೀಗ ತೆರೆಯುವ ಮದ್ದೂ ಇದೆ. ಬ್ರೆಜಿಲ್‌ನ ಜಬೊರಾಂಡಿ ಗಿಡದ ಎಲೆ ಜಗಿದರೆ ಜೊಲ್ಲು ಸುರಿಯುತ್ತದೆಂದು ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿತ್ತು. 1870ರ ದಶಕದ ಆರಂಭದಲ್ಲಿ ಎಲೆ ಯುರೋಪಿಗೆ ಹೋಯಿತು, 1875ರಲ್ಲಿ ಅದರಿಂದ ಪೈಲೊಕಾರ್ಪಿನ್ ಬೇರ್ಪಟ್ಟಿತು. ಅಲ್ಲಿಂದ ಅದು ಹೆಸರು ಮಾಡಿದ್ದು ಗ್ಲಾಕೋಮಾ ಎಂಬ ಕಣ್ಣಿನ ರೋಗಕ್ಕೆ ಕಣ್ಣಿನ ಹನಿಯಾಗಿ. ಒಣಬಾಯಿಗೆ ಮಾತ್ರೆಯಾಗಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1994ರಲ್ಲಿ. ತಲೆ, ಕುತ್ತಿಗೆಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆದವರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ ದಿನಕ್ಕೆ ಮೂರು ಸಲ, ಮೈಯ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ಬೀಳುವ ಶೋಗ್ರೆನ್ ರೋಗದವರಿಗೆ ನಾಲ್ಕು ಸಲ. ಪೂರ್ತಿ ಫಲ ಕಾಣಲು ಹನ್ನೆರಡು ವಾರ ಹಿಡಿಯಬಹುದು. ಬೀಗಗಳು ಮೈತುಂಬ ಇರುವುದರಿಂದ ಬೆವರೂ ಸುರಿಯುತ್ತದೆ, ಮೂತ್ರದ ಅವಸರವೂ ಆಗುತ್ತದೆ. ಹತೋಟಿಯಲ್ಲಿಲ್ಲದ ಅಸ್ತಮಾ, ಕಿರಿದಾದ ಕೋನದ ಗ್ಲಾಕೋಮಾ ಇದ್ದವರಿಗೆ ಇದು ಕೂಡದು. ಗ್ರಂಥಿ ಪೂರ್ತಿ ಸತ್ತಿದ್ದರೆ ಇದರಿಂದ ಪ್ರಯೋಜನವೂ ಇಲ್ಲ.

ಇದೇ ಬೀಗಕ್ಕೆ ನಮ್ಮ ತೋಟದಲ್ಲೂ ಒಂದು ಕೀಲಿ ಬೆಳೆಯುತ್ತದೆ. ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಮಸ್ಕರಿನಿಕ್ ಬೀಗವನ್ನು ತೆರೆಯುತ್ತದೆ. ತಾಂಬೂಲ ಹಾಕಿದಾಗ ಬಾಯಿ ತುಂಬಿಕೊಳ್ಳಲು ಅದೂ ಒಂದು ಕಾರಣ. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ಕರ್ನಾಟಕದಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅಡಿಕೆಯನ್ನು, ತಂಬಾಕು ಬೆರೆಸದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಅಡಿಕೆ ಜಗಿದು ಬಾಯಿಯ ಚರ್ಮ ಬಿಗಿದು ತೆರೆಯಲಾಗದ ಸ್ಥಿತಿಗೆ ಬಂದವರು ನಮ್ಮ ದಂತ ಕಾಲೇಜುಗಳಿಗೆ ನಿತ್ಯ ಬರುತ್ತಾರೆ. ಒಣಬಾಯಿಗೆ ಅಡಿಕೆ ಮದ್ದಲ್ಲ.

ಮಾರುಕಟ್ಟೆಗೆ ಮರಳಿದರೆ, ಅಮೆರಿಕದಲ್ಲಿ ಇಂಥ ಹಲವು ದ್ರವ, ಜೆಲ್‌ಗಳು ಕಾನೂನಿನ ಕಣ್ಣಿಗೆ ಔಷಧಗಳೇ ಅಲ್ಲ, ವೈದ್ಯಕೀಯ ಸಾಧನಗಳು. ಈಗಾಗಲೇ ಮಾರಾಟದಲ್ಲಿರುವ ಒಂದಕ್ಕೆ ಸಮಾನವೆಂದು ತೋರಿಸಿದರೆ ಸಾಕು, ಹೊಸ ಔಷಧದಂತೆ ದೊಡ್ಡ ಪ್ರಯೋಗಗಳ ಅಗತ್ಯವಿಲ್ಲ. ಬಯೊಟೀನ್ ಎಂಬ ಹೆಸರಾಂತ ಸರಕು ಆರಂಭದಲ್ಲಿ ಲಾಲಾರಸದ ಕಿಣ್ವಗಳನ್ನು ಹೊಂದಿದ್ದೇ ತನ್ನ ವಿಶೇಷವೆಂದು ಮಾರಾಟವಾಗುತ್ತಿತ್ತು. 2008ರಲ್ಲಿ ಗ್ಲಾಕ್ಸೊಸ್ಮಿತ್‌ಕ್ಲೈನ್ ಅದನ್ನು ಕೊಂಡುಕೊಂಡಿತು, ಮುಂದೆ ಆ ಕಿಣ್ವಗಳನ್ನು ಸೂತ್ರದಿಂದ ತೆಗೆಯಲಾಯಿತು, ಹೆಸರು ಮಾತ್ರ ಉಳಿಯಿತು. ಚಿಕಿತ್ಸೆಗಳ ಪುರಾವೆಯನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2011ರ ವಿಮರ್ಶೆ 36 ಪ್ರಯೋಗಗಳನ್ನು, 1597 ಮಂದಿಯ ಫಲಿತಾಂಶಗಳನ್ನು ಒಟ್ಟಿಗಿಟ್ಟು ನೋಡಿ, ಬಾಯಿಗೆ ಹಚ್ಚುವ ಅಥವಾ ಸಿಂಪಡಿಸುವ ಯಾವ ಚಿಕಿತ್ಸೆಗೂ ಗಟ್ಟಿ ಪುರಾವೆ ಇಲ್ಲ ಎಂದಿತು. ಚೂಯಿಂಗ್ ಗಮ್ ಜಗಿದರೆ, ಗ್ರಂಥಿಯಲ್ಲಿ ಜೀವ ಉಳಿದಿರುವವರಿಗೆ, ರಸ ಹೆಚ್ಚುತ್ತದೆ ಎಂಬುದು ಮಾತ್ರ ಅದರಲ್ಲೂ ಕಂಡಿತು. ಸಕ್ಕರೆಯಿಲ್ಲದ, ಜೈಲಿಟಾಲ್ ಇರುವ ಗಮ್ ಆರಿಸಿಕೊಳ್ಳಬೇಕು. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಸಿಗದಂತೆ ಇಡಿ, ಜೈಲಿಟಾಲ್ ನಾಯಿಗೆ ವಿಷ.

ನಿಮ್ಮ ಗ್ರಂಥಿ ಎಷ್ಟು ಉಳಿದಿದೆ ಎಂದು ಅಂದಾಜು ಮಾಡುವುದು ಸುಲಭ. ಬೆಳಿಗ್ಗೆ ಏನೂ ತಿನ್ನದೆ, ಕುಡಿಯದೆ, ಹಲ್ಲುಜ್ಜದೆ ಕೂತು, ತಲೆ ಬಗ್ಗಿಸಿ, ಜಗಿಯದೆ ಎಳೆಯದೆ ತಾನಾಗಿ ಸೇರಿದ್ದನ್ನು 15 ನಿಮಿಷ ಒಂದು ಲೋಟಕ್ಕೆ ಬಿಡಿ. ಸೂಜಿಯಿಲ್ಲದ ಸಿರಿಂಜಿನಿಂದ ಅಳೆಯಿರಿ. ನೊರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದೂವರೆ ಮಿಲಿಲೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ವೈದ್ಯರಲ್ಲಿಗೆ ಹೋಗಬೇಕು. ಅದಕ್ಕಿಂತ ಹೆಚ್ಚು ಬಂದೂ ಬಾಯಿ ಒಣಗಿದಂತೆ ಅನಿಸುವುದುಂಟು. ಒಣಗಿದ ಅನುಭವ ಬೇರೆ, ಹರಿವಿನ ಕೊರತೆ ಬೇರೆ.

ಜೆಲ್ ಕೊಳ್ಳುವುದಾದರೆ ರಾತ್ರಿಗಾಗಿ ಕೊಳ್ಳಿ. ನಿದ್ದೆಯಲ್ಲಿ ಆರೋಗ್ಯವಂತರ ಗ್ರಂಥಿಯೂ ಹೆಚ್ಚುಕಡಿಮೆ ನಿಂತಿರುತ್ತದೆ. ಮೊದಲು ಬಾಯಿ ಮುಕ್ಕಳಿಸಿ, ಬಟಾಣಿ ಗಾತ್ರದಷ್ಟನ್ನು ನಾಲಿಗೆ, ಕೆನ್ನೆಯ ಒಳಬದಿ, ಅಂಗುಳಕ್ಕೆ ತೆಳುವಾಗಿ ಸವರಬೇಕು. ಒಣ ಬಾಯಿಗೆ ದಪ್ಪವಾಗಿ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ಅಂಟುಗಟ್ಟಿ ಎಳೆಎಳೆಯಾಗಿ ಏಳುತ್ತದೆ. ಹಗಲಿಗೆ ಒಂದು ಲೋಟ ಉಗುರುಬೆಚ್ಚನೆಯ ನೀರಿಗೆ ಕಾಲು ಚಮಚ ಅಡುಗೆ ಸೋಡಾ, ಅದರ ಅರ್ಧದಷ್ಟು ಉಪ್ಪು ಬೆರೆಸಿ ಮುಕ್ಕಳಿಸಿದರೆ ಕಳೆದುಹೋದ ಬೈಕಾರ್ಬೊನೇಟ್ ಅಷ್ಟಿಷ್ಟು ವಾಪಸು ಸಿಗುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್ ಬೇಡ. ಪೇಸ್ಟು ಉರಿಯುತ್ತಿದ್ದರೆ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ್ದನ್ನು ಹುಡುಕಿ. ಫ್ಲೋರೈಡ್ ಮಾತ್ರ ಬಿಡಬೇಡಿ. ನಮ್ಮಲ್ಲಿ ಮಾಮೂಲಿ ಪೇಸ್ಟಿನ ಫ್ಲೋರೈಡಿಗೆ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮಿತಿ. ಒಣಬಾಯಿಗೆ ಅದು ಸಾಲದು, ದಂತವೈದ್ಯರಿಂದ ಕೆಲವು ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚಿಸಿಕೊಳ್ಳಬೇಕು. ಸ್ಪ್ರೇಗೆ ಸುರಿಯುವ ದುಡ್ಡು ಇದಕ್ಕೆ ಹೋದರೆ ಹಲ್ಲು ಉಳಿಯುತ್ತದೆ.

ವಿಕಿರಣದಿಂದ ಗೊಂಚಲಿನ ಕೋಶಗಳು ಸತ್ತವರಲ್ಲೂ ನಾಳದ ಕೋಶಗಳು ಬದುಕಿರುತ್ತವೆ. ಅಮೆರಿಕದ ಸಂಶೋಧಕ ಬ್ರೂಸ್ ಬಾಮ್ ಅವರ ತಂಡ, ನೀರನ್ನು ಬಿಡದ ಆ ನಾಳಕ್ಕೇ ಅಕ್ವಾಪೊರಿನ್-1 ಎಂಬ ಇನ್ನೊಂದು ನೀರಿನ ಕಿರುಬಾಗಿಲಿನ ವಂಶವಾಹಿಯನ್ನು ವೈರಸ್ಸಿನ ಮೂಲಕ ಸೇರಿಸಿತು. ಚುಚ್ಚುಮದ್ದಿನಿಂದಲ್ಲ, ಕೆನ್ನೆಯೊಳಗೆ ತೆರೆಯುವ ನಾಳದ ಬಾಯಿಂದಲೇ ಅದನ್ನು ಒಳಕ್ಕೆ ಹರಿಸಿತು. 2012ರಲ್ಲಿ ಪ್ರಕಟವಾದ ವರದಿಯ ಪ್ರಕಾರ 11 ಮಂದಿಯಲ್ಲಿ ಆರು ಜನರ ಹರಿವು ಹೆಚ್ಚಿತು, ಅವರಲ್ಲಿ ಐವರಿಗೆ ಬಾಯಿ ಮೊದಲಿಗಿಂತ ಒದ್ದೆಯಾಗಿರುವುದು ಸ್ವತಃ ಗೊತ್ತಾಯಿತು.