ಹೈಟಿಯ ಜೋಂಬಿ ಯಾರನ್ನೂ ಕಚ್ಚುತ್ತಿರಲಿಲ್ಲ

ಜೋಂಬಿ, ಅಂದರೆ ಸತ್ತು ಎದ್ದು ಓಡಾಡುವ ಹೆಣದ ಸಿನಿಮಾ ಅಮೆರಿಕದ್ದು ಚೆಂದವೋ ಕೊರಿಯಾದ್ದು ಚೆಂದವೋ ಅನ್ನೋ ವಾದ ಮುಗಿಯುವಂಥದ್ದಲ್ಲ. ಆದರೆ ಜೋಂಬಿಯ ತವರು ಕೆರಿಬಿಯನ್ ಸಮುದ್ರದ ಹೈಟಿ, ಅದರ ಮಾತು ಬರುವುದೇ ಕಡಿಮೆ.

1780ರ ದಶಕದ ಕೊನೆಗೆ, ಫ್ರೆಂಚರ ಕೈಯಲ್ಲಿದ್ದ ಆ ನೆಲದಲ್ಲಿ ಸುಮಾರು 5 ಲಕ್ಷ ಗುಲಾಮರಿದ್ದರು. ಕಬ್ಬು ಕಡಿಯಬೇಕು, ಗಾಣಕ್ಕೆ ಕೊಡಬೇಕು, ರಾತ್ರಿಯಿಡೀ ಕಬ್ಬಿನ ಹಾಲು ಕಾಯಿಸಬೇಕು. ಸತ್ತರೆ ಆತ್ಮ ಸಮುದ್ರ ದಾಟಿ ಆಫ್ರಿಕಕ್ಕೆ ಮರಳುತ್ತದೆ ಅನ್ನೋ ನಂಬಿಕೆಯೊಂದೇ ಅವರಿಗಿದ್ದ ಸಮಾಧಾನ. ಜೋಂಬಿ ಆದವನಿಗೆ ಆ ದಾರಿಯೂ ಮುಚ್ಚಿತು, ಸತ್ತ ಮೇಲೂ ಧಣಿಯ ಹೊಲದಲ್ಲೇ ದುಡಿಮೆ. ಜೋಂಬಿ ಬಂದು ಏನು ಮಾಡುತ್ತದೋ ಅನ್ನೋದಕ್ಕಿಂತ, ಎಲ್ಲಿ ತಾನೇ ಜೋಂಬಿ ಆಗಿಬಿಡುತ್ತೇನೋ ಅನ್ನೋ ಹೆದರಿಕೆ ಜನರಿಗೆ ಜಾಸ್ತಿ. ನಾಲಿಗೆಗೆ ಉಪ್ಪು ತಾಗಿದರೆ ಜೋಂಬಿಗೆ ಎಚ್ಚರವಾಗುತ್ತದಂತೆ. ಅದಕ್ಕೇ ಧಣಿ ಸಪ್ಪೆ ಊಟವನ್ನೇ ಹಾಕುತ್ತಾನೆ.

1791ರಲ್ಲಿ ಗುಲಾಮರು ದಂಗೆ ಎದ್ದರು, 1804ರಲ್ಲಿ ಸ್ವತಂತ್ರರಾದರು, ಆಮೇಲೆ ಧಣಿಗಳಿಗಾದ ನಷ್ಟಕ್ಕೆಂದು ಫ್ರಾನ್ಸ್ ಹೇರಿದ ಪರಿಹಾರದ ಸಾಲ ತೀರಿಸುತ್ತಲೇ ತಲೆಮಾರುಗಳು ಕಳೆದವು. 1915ರಲ್ಲಿ ಅಮೆರಿಕದ ಸೈನ್ಯ ಬಂತು, 1934ರವರೆಗೆ ಅಲ್ಲೇ ಇತ್ತು. ರೈತರನ್ನು ಹಿಡಿದು ತಂದು ಬಿಟ್ಟಿ ದುಡಿಸಿ ರಸ್ತೆ ಹಾಕಿಸಿದರು. ಅದೇ ಕಾಲದಲ್ಲಿ, ಅಲ್ಲಿ ಓಡಾಡಿ ಬಂದವರ ಬರಹಗಳ ಮೂಲಕ ಜೋಂಬಿ ಕಥೆ ಅಮೆರಿಕ ಸೇರಿತು.

1932ರಲ್ಲಿ ‘ವೈಟ್ ಜೋಂಬಿ’ ಬಂತು. ಅದರಲ್ಲೊಂದು ಸಕ್ಕರೆ ಗಿರಣಿಯ ದೃಶ್ಯವಿದೆ. ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಬರುವವರಲ್ಲಿ ಒಬ್ಬ ಮುಗ್ಗರಿಸಿ ಯಂತ್ರದೊಳಗೆ ಬೀಳುತ್ತಾನೆ. ಯಾರೂ ತಿರುಗಿ ನೋಡುವುದಿಲ್ಲ, ಯಂತ್ರವೂ ನಿಲ್ಲುವುದಿಲ್ಲ. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದರೆ ಸಿನಿಮಾಕ್ಕೆ ಬಿಳಿ ಮದುಮಗಳನ್ನು ಕಾಪಾಡುವ ಚಿಂತೆ. ಆ ಗಿರಣಿಯವರ ಕಥೆಯನ್ನು ಮುಂದೆ ಯಾರಾದರೂ ಎತ್ತಿಕೊಳ್ಳಬೇಕಿತ್ತು, ಅಲ್ವಾ?

ಹಾಗಾಗಲಿಲ್ಲ. 1968ರಲ್ಲಿ ಜಾರ್ಜ್ ರೊಮೆರೊ ಮನುಷ್ಯರ ಮಾಂಸ ತಿನ್ನುವ ಹೆಣಗಳನ್ನು ತೆರೆಗೆ ತಂದ ಮೇಲೆ ಧಣಿಯೂ ಹೋದ, ಗಾಣವೂ ಹೋಯಿತು. 1978ರಲ್ಲಿ ಅವರ ಹೆಣಗಳು ಶಾಪಿಂಗ್ ಮಾಲ್‌ಗೆ ನುಗ್ಗಿದವು, 2016ರಲ್ಲಿ ಕೊರಿಯಾದವರು ‘ಟ್ರೈನ್ ಟು ಬುಸಾನ್’ ಸಿನಿಮಾದಲ್ಲಿ ಜೋಂಬಿಗಳನ್ನು ರೈಲು ಹತ್ತಿಸಿದರು. ಒಳ್ಳೆಯ ಸಿನಿಮಾಗಳೇ ಇವು, ಆಯಾ ನಾಡಿನ ಭಯ ಅವುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಹೈಟಿಯ ಭಯ ಮಾತ್ರ ಎಲ್ಲೂ ಇಲ್ಲ.

ಹೈಟಿಯವರು ಮಾತ್ರ ಅದನ್ನು ಬಿಟ್ಟುಕೊಡಲಿಲ್ಲ. 1975ರಲ್ಲಿ, ದುವಾಲಿಯೆ ಸರ್ವಾಧಿಕಾರದ ನಡುವೆಯೇ, ಅಲ್ಲಿನ ಲೇಖಕ ಫ್ರಾಂಕೆಟಿಯೆನ್ ತಮ್ಮ ಜನರ ಆಡುಮಾತಾದ ಕ್ರಿಯೋಲ್‌ನಲ್ಲಿ ‘ದೆಝಾಫಿ’ ಕಾದಂಬರಿ ಬರೆದರು. ಅದರಲ್ಲಿ ಜೋಂಬಿಗಳಿಗೆ ಉಪ್ಪು ಸಿಗುತ್ತದೆ, ಎಚ್ಚರವಾದವರು ಧಣಿಯ ಮೇಲೆ ತಿರುಗಿ ಬೀಳುತ್ತಾರೆ. ಅದು ಇಂಗ್ಲಿಷಿಗೆ ಬಂದಿದ್ದು 2018ರಲ್ಲಿ.